ಹೊರಗಿನಿಂದ ತೆಗೆಯುವ ಬಾಗಿಲು

ನಮ್ಮ ಭಾವನ ಕೆಲಸ ಲಿಫ್ಟ್ ರಿಪೇರಿ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು ಬೆವರುತ್ತಿರುವವರನ್ನು ಬಾಗಿಲು ತೆಗೆದು, ಕೈಹಿಡಿದು ಹೊರಗೆ ತರುವುದರಲ್ಲೇ ಅವರ ಅರ್ಧ ಆಯಸ್ಸು ಕಳೆದಿದೆ. ಇಂಥ ಮನುಷ್ಯ ಪ್ರತಿದಿನ ಸಂಜೆ ಮನೆ ಮುಂದೆ ಬಂದು, ತನ್ನದೇ ಕಾರಿನೊಳಗೆ ಸಿಕ್ಕಿಕೊಂಡು, ಹೆಂಡತಿ ಬಂದು ಬಾಗಿಲು ತೆಗೆಯಲಿ ಎಂದು ಕಾಯುತ್ತಾ ಕೂರುತ್ತಿದ್ದರು. ಮೇಲಿನ ಮನೆಯ ಕಿಟಕಿಯಿಂದ ನಾನು ಈ ನಾಟಕವನ್ನು ವರ್ಷಗಟ್ಟಲೆ ನೋಡಿದ್ದೇನೆ. ನೋಡಿದಾಗಲೆಲ್ಲ ಸಿಟ್ಟು ಬಂದಿದೆ, ಒಮ್ಮೊಮ್ಮೆ ನಗುವೂ ಬಂದಿದೆ.

ಕಾರು ಅಂದರೆ ಎಂಥ ಕಾರು ಅಂತೀರಿ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮೂತಿ ಮುಂದಕ್ಕೆ ಚಾಚಿಕೊಂಡ ಹಳೇ ಕೆಂಪು ಸ್ಪೋರ್ಟ್ಸ್ ಕಾರು. ಯಾವುದೋ ಕಟ್ಟಡದ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದನ್ನು, ಅಲ್ಲಿ ಲಿಫ್ಟ್ ನೋಡಲು ಹೋಗಿದ್ದ ಭಾವ ಕಂಡು, ಮಾಲೀಕನ ಬೆನ್ನು ಬಿದ್ದು ತಮ್ಮದಾಗಿಸಿಕೊಂಡರು. ಇಂಥ ಕಾರು ಇದ್ದವರು ಅದನ್ನು ರಜಾದಿನ ಹೊರಗೆ ತೆಗೆದು, ಒರೆಸಿ, ಒಂದು ಸುತ್ತು ಹೊಡೆದು ಮತ್ತೆ ಒಳಗಿಡುತ್ತಾರೆ. ಭಾವ ಅದರಲ್ಲಿ ದಿನಾ ಕೆಲಸಕ್ಕೆ ಹೋದರು. ತರಕಾರಿ ತಂದರು. ಗ್ಯಾಸ್ ಸಿಲಿಂಡರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೆ ಬೆಲ್ಟ್ ಬೇರೆ ಹಾಕಿ ಮನೆಗೆ ತಂದರು. ಆವತ್ತು ಅಕ್ಕ ಬಾಗಿಲಲ್ಲಿ ನಿಂತು, "ಯಾರು ರೀ ಇವಳು, ನನಗಿಂತ ದಪ್ಪ ಇದ್ದಾಳೆ" ಎಂದಿದ್ದಳು.

ಕಾರಿಗೆ ದೊಡ್ಡ ಕಾಯಿಲೆ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಸಣ್ಣಪುಟ್ಟ ಕಿರಿಕಿರಿ. ಮುಂದಿನ ದೀಪಗಳು ಬೇಕೆಂದಾಗ ಮುಚ್ಚಳ ಎತ್ತಿಕೊಂಡು ಮೇಲೇಳಬೇಕು, ಅದರಲ್ಲಿ ಒಂದು ಏಳುತ್ತಲೇ ಇರಲಿಲ್ಲ. ಅದಕ್ಕೇ ನಮ್ಮ ಬೀದಿಯವರು ಕಾರಿಗೆ ಒಕ್ಕಣ್ಣಿ ಎಂದು ಹೆಸರಿಟ್ಟಿದ್ದರು. ವೈಪರ್ ಕಿರ್ರೆನ್ನುತ್ತಿತ್ತು. ಪೆಟ್ರೋಲ್ ತೋರಿಸುವ ಮುಳ್ಳು ಸುಳ್ಳು ಹೇಳುತ್ತಿತ್ತು. ಅದು ಕೆಳಗಿನ ಗೆರೆ ಮುಟ್ಟಿ ಖಾಲಿ ಎಂದರೂ ಟ್ಯಾಂಕಿನಲ್ಲಿ ಇನ್ನೂ ಕಾಲು ಭಾಗ ಇರುತ್ತಿತ್ತು. ಕೊನೆಯದು ಆ ಬಾಗಿಲು. ಡ್ರೈವರ್ ಕಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಅದೇ ಕಡೆಯ ಗಾಜೂ ಇಳಿಯುತ್ತಿರಲಿಲ್ಲ. ಪಕ್ಕದ ಬಾಗಿಲಿಂದ ಇಳಿಯೋಣವೆಂದರೆ ನಡುವೆ ಗೇರಿನ ದಿಬ್ಬ. ಭಾವನದು ಅದನ್ನು ದಾಟುವಂಥ ಹೊಟ್ಟೆಯಲ್ಲ. ಕೆಲಸದ ಜಾಗದಲ್ಲಿ ವಾಚ್‌ಮನ್‌ಗಳು ಬಾಗಿಲು ತೆಗೆಯುತ್ತಿದ್ದರು, ಮನೆಯಲ್ಲಿ ಅಕ್ಕ.

"ಊರವರ ಬಾಗಿಲೆಲ್ಲ ತೆಗೀತೀರಲ್ಲ ಭಾವ, ನಿಮ್ಮದೊಂದು ಸರಿ ಮಾಡ್ಕೊಳ್ಳೋಕಾಗಲ್ವಾ?" ಎಂದು ನಾನು ಕೇಳಿದ್ದುಂಟು.

"ಅದು ಕೆಟ್ಟಿಲ್ಲ ಕಣಮ್ಮ, ಅದರ ಸ್ವಭಾವ ಹಾಗೆ. ನಿನ್ನ ಸ್ವಭಾವ ಹೀಗಿದೆ, ನಿನ್ನನ್ನ ಯಾರಾದ್ರೂ ರಿಪೇರಿಗೆ ಬಿಟ್ರಾ?"

ಇದು ಅವರ ಉತ್ತರ. ನನ್ನ ಬಾಯಿ ಸ್ವಲ್ಪ ಜೋರು, ಒಪ್ಪುತ್ತೇನೆ. ಆದರೆ ಸಂಜೆ ಹೊತ್ತು ಎರಡು ಬೀದಿ ಆಚೆಯಿಂದಲೇ ಆ ಇಂಜಿನ್ನಿನ ಗುಡುಗು ಕೇಳಿಸಿದರೆ, ಅಕ್ಕ ಒಲೆ ಮೇಲಿನದನ್ನು ಕೆಳಗಿಳಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಹೋಗುವುದನ್ನು ನೋಡಬೇಕಿತ್ತು. ಬಾಗಿಲು ತೆಗೆದು, "ಬನ್ನಿ, ಬಿಡುಗಡೆ ಆಯ್ತು" ಎನ್ನುತ್ತಿದ್ದಳು. ಭಾವ ಒಂದು ಕಾಲು ಹೊರಗಿಟ್ಟು, ಅವಳ ಭುಜ ಹಿಡಿದು ಮೇಲೇಳುತ್ತಿದ್ದರು. ದಿನಾ ಅದೇ ಮಾತು, ದಿನಾ ಅದೇ ಭುಜ.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಾಗ ಈ ನಾಟಕ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ದಿನ ಬಿಟ್ಟು ದಿನ ಡಯಾಲಿಸಿಸ್. ಮೂಳೆ ಚಕ್ಕಳವಾಗಿ, ಕೈಯ ರಕ್ತನಾಳ ಹಗ್ಗದ ಹಾಗೆ ಉಬ್ಬಿಕೊಂಡು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡುವ ಹೆಂಗಸು, ಆ ಗುಡುಗು ಕೇಳಿದರೆ ಗೋಡೆ ಹಿಡಿದುಕೊಂಡಾದರೂ ಹೊರಗೆ ಹೋಗುತ್ತಿದ್ದಳು. ನಾನು ಹೋಗಿ ತೆಗೀತೀನಿ ಕೂತ್ಕೋ ಅಂದರೆ ನನ್ನ ಮೇಲೇ ರೇಗುತ್ತಿದ್ದಳು. ಹೊಂದುವ ಕಿಡ್ನಿ ಸಿಕ್ಕರೆ ಬದಲಾಯಿಸುತ್ತೇವೆ, ಅಲ್ಲಿಯವರೆಗೆ ಕಾಯಬೇಕು ಎಂದಿದ್ದರು ಆಸ್ಪತ್ರೆಯವರು. ನಮ್ಮಲ್ಲಿ ಯಾರ ಕಿಡ್ನಿಯೂ ಅವಳಿಗೆ ಹೊಂದಲಿಲ್ಲ. ನನ್ನದೂ ಇಲ್ಲ, ಭಾವನದೂ ಇಲ್ಲ. ಕಾಯುತ್ತಾ ಕಾಯುತ್ತಾ ಅಕ್ಕನ ಕಣ್ಣಲ್ಲಿದ್ದ ಆಸೆ ಕಡಿಮೆಯಾಗುತ್ತಾ ಬಂತು. ಅದು ನನಗೆ ಕಾಣುತ್ತಿತ್ತು, ಭಾವನಿಗೆ ಕಾಣುತ್ತಿರಲಿಲ್ಲ, ಅಥವಾ ಅವರು ನೋಡಲು ಒಪ್ಪಿರಲಿಲ್ಲ.

ಆಗಲೇ ಕಾರಿನ ಕಿರಿಕಿರಿಗಳು ಒಂದೊಂದಾಗಿ ಮಾಯವಾಗತೊಡಗಿದವು.

ಮೊದಲು ಎದ್ದದ್ದು ಆ ಕಣ್ಣು. ಆಯಿಲ್ ಬದಲಾಯಿಸಲು ಗ್ಯಾರೇಜಿನ ತಾತನ ಹತ್ತಿರ ಬಿಟ್ಟು ತಂದ ಮೇಲೆ, ಒಂದು ಸಂಜೆ ದೀಪ ಹಾಕಿದರೆ ಎರಡೂ ಮುಚ್ಚಳ ಮೇಲೆದ್ದವು. ಭಾವನಿಗೆ ಹೆಮ್ಮೆಯೋ ಹೆಮ್ಮೆ. "ನೋಡು, ತಾನಾಗೇ ಸರಿಹೋಯ್ತು. ನಾನು ಹೇಳಿರಲಿಲ್ವಾ" ಎಂದು ಬೀದಿಗೆಲ್ಲ ತೋರಿಸಿದರು. ಆಮೇಲೆ ವೈಪರ್ ಬಾಯಿ ಮುಚ್ಚಿತು. ಈ ಸಲ ಅವರು ಅಷ್ಟು ಹಿಗ್ಗಲಿಲ್ಲ. "ಯಾಕೋ ಬೇರೆ ಯಾರದೋ ಕಾರಲ್ಲಿ ಕೂತ ಹಾಗಿದೆ" ಎಂದು ಗೊಣಗಿದರು. ತಾತನನ್ನು ಕೇಳಿದರೆ ಆತ ನೆಲ ನೋಡುತ್ತಾ, ನನಗೇನು ಗೊತ್ತು, ನಾನು ಆಯಿಲ್ ಬದಲಾಯಿಸಿದೆ ಅಷ್ಟೇ ಎಂದನಂತೆ. ನನಗೆ ಅನುಮಾನ ಬಂದದ್ದು ಆಗಲೇ. ಆ ತಾತನಿಗೆ ಸುಳ್ಳು ಹೇಳಲು ಬರುವುದಿಲ್ಲ, ಬಂದಿದ್ದರೆ ಗ್ಯಾರೇಜಿಟ್ಟು ಇಷ್ಟು ವರ್ಷದಲ್ಲಿ ಮೇಲೆ ಒಂದು ಮಹಡಿ ಕಟ್ಟಿಸುತ್ತಿದ್ದ. ಆದರೆ ಯಾರಿಗೆ ಬೇಕಾಗಿ ಆತ ಸುಳ್ಳು ಹೇಳುತ್ತಿದ್ದಾನೆ ಎಂಬುದು ನನಗೆ ಹೊಳೆಯಲಿಲ್ಲ.

ಕೊನೆಯ ಸಲ ಕಾರು ಗ್ಯಾರೇಜಿಗೆ ಹೋಗಿ ಬಂದ ಮಾರನೆಯ ದಿನವೇ ಫೋನು ಬಂತು.

ನನ್ನದು ಡ್ರೈ ಕ್ಲೀನಿಂಗ್ ಅಂಗಡಿ, ಆಸ್ಪತ್ರೆಯ ಎದುರು ಸಾಲಿನಲ್ಲೇ ಇದೆ. ಮಧ್ಯಾಹ್ನ ಊಟ ಮುಗಿಸಿ ಯಾರದೋ ಕೋಟಿನ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದೆ. ಫೋನಿನಲ್ಲಿ ಅಕ್ಕ.

"ಆಸ್ಪತ್ರೆಯಿಂದ ಕರೆದ್ರು ಕಣೆ. ಒಂದು ಕಿಡ್ನಿ ಸಿಕ್ಕಿದೆಯಂತೆ, ನನಗೆ ಹೊಂದುತ್ತಂತೆ. ನಾಲ್ಕು ಗಂಟೆಯೊಳಗೆ ಬಂದುಬಿಡಿ ಅಂದ್ರು. ಇಲ್ಲದಿದ್ರೆ ಮುಂದಿನವರಿಗೆ ಕೊಡ್ತಾರಂತೆ."

ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟೆ. ಭಾವ ಎಲ್ಲಿ ಎಂದೆ. ಮನೆಯಲ್ಲೇ ಇದ್ದರು, ಫೋನು ಅವರ ಕೈಗೆ ಬಂತು. "ಹೊರಟ್ವಿ, ಹೊರಟ್ವಿ. ನೀನು ಮೊದಲೇ ಹೋಗಿ ಅಲ್ಲಿ ನಿಂತಿರು."

"ಪೆಟ್ರೋಲ್ ಇದೆಯಾ ಭಾವ?"

"ಮುಳ್ಳು ಈಗಿನ್ನೂ ಗೆರೆ ಮುಟ್ತಾ ಇದೆ. ಅಂದ್ರೆ ಕಾಲು ಟ್ಯಾಂಕು. ನನ್ನ ಕಾರು ನನಗೆ ಗೊತ್ತಿಲ್ವಾ?"

ಮನೆಯಿಂದ ಆಸ್ಪತ್ರೆಗೆ ಮಾಮೂಲು ಅರ್ಧ ಗಂಟೆಯ ದಾರಿ, ಬೇಕಾದಷ್ಟು ಹೊತ್ತಿತ್ತು. ನಾನು ಅಂಗಡಿಯ ಷಟರ್ ಎಳೆದು ರಸ್ತೆ ದಾಟಿದೆ.

ಕಿಡ್ನಿ ವಿಭಾಗದ ಹೊರಗೆ ಒಂದು ಉದ್ದ ಹಜಾರ, ಗೋಡೆಗೆ ಆನಿಸಿದ ಕುರ್ಚಿಗಳು, ಮೇಲೊಂದು ಗಡಿಯಾರ. ದಪ್ಪ ಕನ್ನಡಕದ ನರ್ಸೊಬ್ಬಳು ಎಲ್ಲ ವಿಚಾರಿಸಿಕೊಂಡು, ಬಂದ ತಕ್ಷಣ ಒಳಗೆ ಕರೆದುಕೊಳ್ಳುತ್ತೇವೆ ಎಂದಳು. ಆಮೇಲೆ ದನಿ ತಗ್ಗಿಸಿ, "ನಾಲ್ಕರ ಮೇಲೆ ನಾನು ಕಾಯೋ ಹಾಗಿಲ್ಲಮ್ಮ. ಅದು ಕೆಟ್ಟುಹೋಗುತ್ತೆ" ಎಂದಳು. ಅವಳ ಕಣ್ಣು ನನ್ನ ಹಿಂದಿನ ಕುರ್ಚಿಗಳ ಕಡೆ ಹೋಯಿತು. ನಾನೂ ತಿರುಗಿದೆ.

ಅಲ್ಲಿ ಒಬ್ಬ ಕೂತಿದ್ದ. ನನಗಿಂತ ಚಿಕ್ಕವನು. ಬಣ್ಣಗೆಟ್ಟ ಮುಖ, ಅಕ್ಕನ ಕೈಯಲ್ಲಿದ್ದಂಥದೇ ಉಬ್ಬಿದ ನಾಳ, ತೊಡೆಯ ಮೇಲೊಂದು ಬಟ್ಟೆಯ ಚೀಲ. ಪಕ್ಕದಲ್ಲಿ ಅವನ ತಾಯಿ. ಬರಬೇಕಾದವರು ಬಾರದಿದ್ದರೆ ಇರಲಿ ಎಂದು ಕರೆಸಿ ಕೂರಿಸುವ ಪದ್ಧತಿಯಂತೆ. ಆ ಮುಂದಿನವನು ಇವನೇ.

"ನಿಮ್ಮವರು ಬರ್ತಿದ್ದಾರಾ?" ತಾಯಿ ಕೇಳಿದಳು.

"ಹೊರಟಿದ್ದಾರೆ."

"ಬರಲಿ" ಎಂದಳು ಆಕೆ. ಎಂದು ಗಡಿಯಾರ ನೋಡಿದಳು. ನಾನೂ ನೋಡಿದೆ. ಅವನೊಬ್ಬ ಮಾತ್ರ ನೋಡಲಿಲ್ಲ, ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಿದ್ದ.

ಮತ್ತೆ ಅಕ್ಕನ ಫೋನು. ದೊಡ್ಡ ರಸ್ತೆಯಲ್ಲಿ ಯಾವುದೋ ಲಾರಿ ಅಡ್ಡ ಬಿದ್ದು ವಾಹನಗಳು ಸಾಲುಗಟ್ಟಿವೆಯಂತೆ. ಒಂದು ಗಂಟೆ ಅಲ್ಲೇ ಕಾದು, ಭಾವ ಈಗ ಕಾರು ತಿರುಗಿಸಿಕೊಂಡು ಗುಡ್ಡದ ಹಳೇ ರಸ್ತೆ ಹಿಡಿದಿದ್ದಾರೆ. ಆ ರಸ್ತೆ ನನಗೆ ಗೊತ್ತು. ಗುಡ್ಡ ಹತ್ತಿ ಆ ಕಡೆ ಇಳಿದರೆ ನೇರ ಆಸ್ಪತ್ರೆಯ ಗೇಟಿಗೇ ಬರುತ್ತದೆ. ಆದರೆ ಹೊಸ ರಸ್ತೆ ಆದ ಮೇಲೆ ಅಲ್ಲಿ ನರಪಿಳ್ಳೆಯೂ ಓಡಾಡುವುದಿಲ್ಲ, ಅಂಗಡಿಯಿಲ್ಲ, ಪೆಟ್ರೋಲ್ ಬಂಕಂತೂ ಇಲ್ಲವೇ ಇಲ್ಲ.

"ಫೋನ್ ಇಡಬೇಡ ಅಕ್ಕ, ಸ್ಪೀಕರ್ ಹಾಕಿ ಹಾಗೇ ಇಟ್ಕೊಂಡಿರು" ಎಂದೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳೆಂದು ಕಾಣುತ್ತದೆ, ಇಂಜಿನ್ನಿನ ಗುಡುಗು ನನ್ನ ಕಿವಿಯಲ್ಲೇ ಶುರುವಾದಂತಾಯಿತು. ನಾನು ಹಜಾರದ ಮೂಲೆಗೆ ಹೋಗಿ ನಿಂತೆ. ಜೀವನದಲ್ಲಿ ಮೊದಲ ಸಲ ಆ ಗದ್ದಲ ಕೇಳಿ ಸಮಾಧಾನವಾಗುತ್ತಿತ್ತು.

ಹಾಗೆ ಕೇಳುತ್ತಿರುವಾಗಲೇ ಗುಡುಗು ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಆಮೇಲೆ ಏನೂ ಇಲ್ಲ.

"ಏನಾಯ್ತು?" ಅಕ್ಕನ ದನಿ.

"ಏನಿಲ್ಲ, ಏನಿಲ್ಲ. ಇರು." ಬೀಗದ ಕೈ ತಿರುಗಿಸುವ ಸದ್ದು. ಇಂಜಿನ್ ಒಣಗಂಟಲಲ್ಲಿ ಗೊರಗೊರ ಅಂದು ಸುಮ್ಮನಾಯಿತು. ಮತ್ತೆ ತಿರುಗಿಸಿದರು. "ಪೆಟ್ರೋಲ್ ಮುಗಿದ ಹಾಗೇ ಮಾಡ್ತಿದೆ. ಮುಗಿಯೋಕೆ ಸಾಧ್ಯವೇ ಇಲ್ಲ. ಮುಳ್ಳು ಈಗಷ್ಟೇ ಗೆರೆ ದಾಟಿದೆ. ಇನ್ನೂ ಕಾಲು ಟ್ಯಾಂಕಿದೆ ಕಣೆ, ನನಗೆ ಗೊತ್ತಿಲ್ವಾ?"

ಬೀಗದ ಕೈ ಇನ್ನೊಮ್ಮೆ ತಿರುಗಿತು.

"ಪಂಪಿಗೆ ಏನೋ ಸಿಕ್ಕಿಕೊಂಡಿರಬೇಕು. ನಾನು ಇಳಿದು ನೋಡ್ತೀನಿ."

"ಪಂಪಲ್ಲ" ಎಂದಳು ಅಕ್ಕ. "ಪೆಟ್ರೋಲೇ ಮುಗಿದಿದೆ. ಮುಳ್ಳು ಈಗ ನಿಜ ಹೇಳ್ತಿದೆ. ನಾನು ಸರಿ ಮಾಡಿಸಿದೆ."

ಗಡಿಯಾರದಲ್ಲಿ ನಾಲ್ಕಕ್ಕೆ ಕಾಲು ಗಂಟೆ ಇತ್ತು. ಆ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಗೋಡೆಯ ಕಡೆ ತಿರುಗಿಕೊಂಡೆ.

"ಯಾವಾಗ?" ಎಂದರು ಭಾವ.

"ನಿನ್ನೆ. ತಾತ ಆಗಲೇ ಅಂದಿದ್ದ, ಮುಳ್ಳಿನ ವಿಷಯ ಅವರಿಗೆ ಹೇಳಮ್ಮ ಅಂತ. ನಾನು ಹೇಳಲಿಲ್ಲ. ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರಿ."

"ದೀಪ? ವೈಪರ್?"

"ನಾನೇ."

ನನಗಾಗ ತಡೆಯಲಾಗಲಿಲ್ಲ. ಪಿಸುದನಿಯಲ್ಲೇ ಕಿರುಚಿದೆ. "ನಿಮ್ಮ ಪಂಚಾಯಿತಿ ಆಮೇಲೆ ಮಾಡ್ಕೊಳ್ಳಿ. ಭಾವ, ಎಲ್ಲಿದ್ದೀರಿ? ನಾನು ಟ್ಯಾಕ್ಸಿ ಕಳಿಸ್ತೀನಿ."

"ಟ್ಯಾಕ್ಸಿ ಇಲ್ಲಿಗೆ ಬಂದು ವಾಪಸ್ ಬರೋಹೊತ್ತಿಗೆ ನಾಲ್ಕು ದಾಟಿರುತ್ತೆ" ಎಂದರು ಭಾವ. ಅವರ ದನಿ ಈಗ ಬೇರೆಯಾಗಿತ್ತು. ಲಿಫ್ಟಿನೊಳಗೆ ಸಿಕ್ಕಿಕೊಂಡವರ ಜೊತೆ ಹೊರಗಿನಿಂದ ಮಾತಾಡುವಾಗ ಅವರು ಇದೇ ದನಿಯಲ್ಲಿ ಮಾತಾಡುತ್ತಾರೆ. "ಗುಡ್ಡದ ನೆತ್ತಿ ಇಲ್ಲೇ ಕಾಣ್ತಿದೆ. ಅಲ್ಲೀವರೆಗೆ ತಳ್ಳಿಬಿಟ್ರೆ ಸಾಕು, ಆ ಕಡೆ ಪೂರ್ತಿ ಇಳಿಜಾರು, ತಾನಾಗೇ ಉರುಳುತ್ತೆ. ಏಯ್, ನೀನು ಇಳಿದು ಬಂದು ನನ್ನ ಬಾಗಿಲು ತೆಗಿ. ನಾನು ತಳ್ತೀನಿ."

"ಒಳಗಿಂದಲೇ ತೆಗೀರಿ" ಎಂದಳು ಅಕ್ಕ, ಬಹಳ ಮೆಲ್ಲಗೆ. "ಅದೂ ಸರಿಯಾಗಿದೆ."

ಕಾರಿನಲ್ಲಿ ಸರಿ ಮಾಡಿಸಬೇಕಾದ್ದು ಏನೇನಿತ್ತೋ ಎಲ್ಲವನ್ನೂ ಅಕ್ಕ ಯಾಕೆ ಸರಿ ಮಾಡಿಸುತ್ತಾ ಬಂದಳು ಎಂಬುದು ಆ ಕ್ಷಣ ನನಗೆ ಗೊತ್ತಾಯಿತು. ಭಾವನಿಗೂ ಗೊತ್ತಾಗಿರಬೇಕು. ಆದರೂ ಕೇಳಿದರು.

"ಬಾಗಿಲು ಯಾಕೆ ಮಾಡಿಸಿದೆ?"

"ಇನ್ನು ಎಷ್ಟು ದಿನ ನಾನು ಬಂದು ತೆಗೀತೀನಿ ರೀ? ನಾನಿಲ್ಲದ ದಿನ ನೀವು ಬೀದೀಲಿ, ಆ ಕಾರೊಳಗೆ, ಯಾರಾದ್ರೂ ಬರಲಿ ಅಂತ ಕೂತಿರೋದು ನನಗೆ ಬೇಡ. ಅದನ್ನ ನೆನೆಸಿಕೊಂಡ್ರೆ ನಿದ್ದೆ ಬರಲ್ಲ ನನಗೆ. ದಾರೀಲಿ ಎಲ್ಲೂ ನಿಲ್ಲಬಾರದು ನೀವು, ಅಷ್ಟೇ ನನ್ನ ಆಸೆ. ಈಗ ನೋಡಿ, ನಾನೇ ನಿಲ್ಲಿಸಿಬಿಟ್ಟೆ."

ಅವಳು ಅಳುತ್ತಿದ್ದಳು. ಗಡಿಯಾರದ ಮುಳ್ಳು ಓಡುತ್ತಿತ್ತು.

"ನಾನು ಒಳಗಿಂದ ತೆಗೆಯಲ್ಲ" ಎಂದರು ಭಾವ.

"ಏನಂದ್ರಿ?"

"ನೀನೇ ಬಂದು ತೆಗಿ. ದಿನಾ ತೆಗೆಯೋ ಹಾಗೆ. ನೀನು ತೆಗೆಯೋವರೆಗೆ ನಾನು ಇಳಿಯಲ್ಲ."

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಹಟಮಾರಿ ಅಂದೆ, ತಲೆ ಕೆಟ್ಟಿದೆಯಾ ಅಂದೆ, ಇಲ್ಲಿ ಬೇರೆಯವರು ಚೀಲ ಹಿಡಿದುಕೊಂಡು ಕೂತಿದ್ದಾರೆ ಅಂದೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಂದು ಬಾಗಿಲು ತೆರೆದ ಸದ್ದು. ಅಕ್ಕನ ಏದುಸಿರು, ದೂರದಿಂದ. ಕಾರು ಹಿಡಿದುಕೊಂಡು ಸುತ್ತುಬಳಸಿ ಬರುತ್ತಿದ್ದಳು. ಆಮೇಲೆ ಇನ್ನೊಂದು ಬಾಗಿಲಿನ ಸದ್ದು, ವರ್ಷಗಟ್ಟಲೆ ಕಿಟಕಿಯಿಂದ ನಾನು ಕೇಳಿದ್ದ ಅದೇ ಸದ್ದು.

"ಬನ್ನಿ" ಎಂದಳು ಅಕ್ಕ. ಬಿಡುಗಡೆ ಆಯ್ತು ಎನ್ನಲಿಲ್ಲ, ಅವಳಿಗೆ ಉಸಿರು ಸಾಲಲಿಲ್ಲ.

"ನಾಳೆನೂ ನೀನೇ ತೆಗೀಬೇಕು. ತಿಳೀತಾ? ಈಗ ಹೋಗಿ ಕೂತ್ಕೋ."

ಮುಂದಿನದೆಲ್ಲ ನಾನು ಕೇಳಿದ್ದೇ ಹೊರತು ನೋಡಿದ್ದಲ್ಲ. ಒಂದು ಕೈ ಸ್ಟೀರಿಂಗ್ ಮೇಲೆ, ಭುಜ ಬಾಗಿಲ ಕಂಬಕ್ಕೆ ಕೊಟ್ಟು ಭಾವ ತಳ್ಳುತ್ತಿದ್ದರಂತೆ. ಅವರ ಉಸಿರು ಗರಗಸದ ಹಾಗೆ ಕೇಳುತ್ತಿತ್ತು. ನಡುವೆ ಒಮ್ಮೆ ಕಾರು ಹಿಂದಕ್ಕೆ ಜಾರಿತು, ಅಕ್ಕ ಚೀರಿದಳು, ಹ್ಯಾಂಡ್‌ಬ್ರೇಕ್ ಎಳೆದ ಸದ್ದು ಬಂತು. "ಹಾಗೇ ಹಿಡ್ಕೊ. ನಾನು ಹೇಳಿದಾಗ ಬಿಡು. ಹೂಂ, ಬಿಡು." ಮತ್ತೆ ಗರಗಸ. ಅಕ್ಕ ಎಂದೂ ಕಾರು ಓಡಿಸಿದವಳಲ್ಲ. ಅವತ್ತು ಬಿಡು ಅಂದರೆ ಬಿಟ್ಟಳು, ಹಿಡಿ ಅಂದರೆ ಹಿಡಿದಳು.

ನರ್ಸು ಹೊರಗೆ ಬಂದಳು. "ಎಲ್ಲಿದ್ದಾರಮ್ಮ?"

"ಗುಡ್ಡ ಇಳೀತಿದ್ದಾರೆ" ಎಂದೆ. ಇನ್ನೂ ಹತ್ತುತ್ತಿದ್ದರು. ನನ್ನ ಬೆನ್ನ ಹಿಂದೆ ಆ ತಾಯಿ ಎದ್ದು ನಿಂತದ್ದು ತಿಳಿಯಿತು. ನರ್ಸು ಗಡಿಯಾರ ನೋಡಿ, ಅವನನ್ನು ನೋಡಿ, "ನೀವು ಆ ಗೌನು ಹಾಕ್ಕೊಂಡು ತಯಾರಿರಿ, ಯಾವುದಕ್ಕೂ ಇರಲಿ" ಎಂದಳು. ಅವನು ಎದ್ದ. ಚೀಲವನ್ನು ತಾಯಿಯ ಕೈಗೆ ಕೊಟ್ಟ. ದೇವರಾಣೆ ಹೇಳುತ್ತೇನೆ, ಆ ಗಳಿಗೆ ನಾನು ಅವನನ್ನು ದ್ವೇಷಿಸಿದೆ. ಅವನು ನನಗೇನೂ ಮಾಡಿರಲಿಲ್ಲ, ನಮ್ಮಕ್ಕನ ಹಾಗೇ ಅವನೂ ಬದುಕಬೇಕೆಂದು ಬಂದಿದ್ದ, ಅಷ್ಟೇ.

"ನೆತ್ತಿ" ಎಂದರು ಭಾವ ಫೋನಿನಲ್ಲಿ. ಧಡ್ಡನೆ ಬಾಗಿಲು ಹಾಕಿಕೊಂಡ ಸದ್ದು. ಉರುಳಲು ಶುರುವಾದ ಕಾರಿಗೆ ಅವರು ಹೇಗೆ ಹಾರಿ ಕೂತರೋ, ಆ ಹೊಟ್ಟೆ ಇಟ್ಟುಕೊಂಡು, ನನಗೆ ಈಗಲೂ ಅರ್ಥವಾಗಿಲ್ಲ.

ಆಮೇಲೆ ಕೇಳಿಸಿದ್ದು ಬರೀ ಗಾಳಿ, ಟೈರು. ಇಂಜಿನ್ ಸತ್ತ ಕಾರಿನ ಬ್ರೇಕು ಕಲ್ಲಾಗುತ್ತದೆ, ಎರಡೂ ಕಾಲಿಟ್ಟು ಒತ್ತಿದರೂ ಹಿಡಿಯುವುದು ಕಷ್ಟ. ಇದನ್ನು ಭಾವನೇ ಆಮೇಲೆ ಹೇಳಿದ್ದು. ಆಗ ಅವರು ಹೇಳುತ್ತಿದ್ದದ್ದು, "ತಿರುವು ಬರ್ತಿದೆ, ಗಟ್ಟಿಯಾಗಿ ಹಿಡ್ಕೊ" ಎಂದಷ್ಟೇ. ಗಾಳಿಯ ಸದ್ದು ಏರಿತು. ಅಕ್ಕ ಏನೋ ಗೊಣಗುತ್ತಿದ್ದಳು, ಪ್ರಾರ್ಥನೆಯೋ ಬೈಗುಳವೋ ತಿಳಿಯಲಿಲ್ಲ. ಟೈರು ಕಿರ್ರೆಂದಿತು. ನಾನು ಫೋನು ಕಿವಿಗೊತ್ತಿಕೊಂಡು ಮೆಟ್ಟಿಲಿಳಿದು ಹೊರಗೋಡಿದೆ.

ಆಸ್ಪತ್ರೆಯ ಮುಂದೆ ನಿಂತು ನಾನು ಕಿವಿಗೊಟ್ಟು ಕಾಯುತ್ತಿದ್ದದ್ದು ಆ ಗುಡುಗಿಗೆ. ಅದು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಕಿವಿ ಅದನ್ನೇ ಹುಡುಕುತ್ತಿತ್ತು. ಗೇಟಿನ ಆಚೆ, ಒಂದು ಚೂರೂ ಸದ್ದಿಲ್ಲದೆ, ಆ ಕೆಂಪು ಮೂತಿ ಕಾಣಿಸಿಕೊಂಡಿತು. ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು, ಗೇಟಿನ ಹಂಪ್ ಏರಲಾರದೆ ಅಲ್ಲೇ ನಿಂತುಬಿಟ್ಟಿತು. ನಾನೂ ವಾಚ್‌ಮನ್ನೂ ಗಾಲಿಕುರ್ಚಿ ತಳ್ಳಿಕೊಂಡು ಓಡಿದೆವು. ಅಕ್ಕನನ್ನು ಎತ್ತಿ ಕೂರಿಸಿದೆವು. ಅವಳ ಕೈ ಮಂಜಿನ ಹಾಗಿತ್ತು. ಅವಳು ತಿರುತಿರುಗಿ ಕಾರಿನ ಕಡೆ ನೋಡುತ್ತಿದ್ದಳು, "ಅವರ ಬಾಗಿಲು, ಅವರ ಬಾಗಿಲು" ಎನ್ನುತ್ತಿದ್ದಳು. ವಾಚ್‌ಮನ್ ಕುರ್ಚಿ ತಳ್ಳಿಕೊಂಡು ಓಡಿಯೇಬಿಟ್ಟ.

ನಾನು ಹಿಂದೆ ತಿರುಗಿ ನೋಡಿದೆ. ಭಾವ ಗಾಜಿನ ಹಿಂದೆ ಕೂತಿದ್ದರು. ಅಂಗಿ ಒದ್ದೆ, ಮುಖ ಕೆಂಪು. ಒಂದು ಗಳಿಗೆ ಹಾಗೇ ಕೂತಿದ್ದು, ಆಮೇಲೆ ಕೈ ಹಾಕಿ ಒಳಗಿನಿಂದ ಬಾಗಿಲು ತೆಗೆದರು. ಸಲೀಸಾಗಿ ತೆರೆಯಿತು. ಇಳಿದವರು ಆ ಬಾಗಿಲನ್ನೊಮ್ಮೆ ನೋಡಿದರು. ಅಷ್ಟು ಭಯಪಟ್ಟ ಮುಖ ನಾನು ಅವರದ್ದು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಾನು ಮೇಲೆ ಹೋಗುವಷ್ಟರಲ್ಲಿ ಅಕ್ಕನನ್ನು ಒಳಗೆ ಕರೆದುಕೊಂಡಿದ್ದರು. ಅವನು ಗೌನು ಕಳಚಿ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಗುಂಡಿ ಕೂರುತ್ತಿರಲಿಲ್ಲ, ತಾಯಿ ಹಾಕಿದಳು. ಹೋಗುವಾಗ ಆಕೆ ನನ್ನ ಹತ್ತಿರ ಬಂದು, "ನಿಮ್ಮವರಿಗೆ ಒಳ್ಳೇದಾಗಲಿ ತಾಯಿ" ಎಂದಳು. ಜೋರುಬಾಯಿಯವಳು ಎಂದು ಹೆಸರಾದ ನಾನು ಬರೀ ಕೈ ಮುಗಿದೆ. ಅವರು ಮೆಟ್ಟಿಲಿಳಿದು ಕಾಣದಾದ ಮೇಲೆ ಗೋಡೆಗೆ ಹಣೆಯಿಟ್ಟು ಅತ್ತೆ. ಸಂತೋಷಕ್ಕೂ ಅತ್ತೆ, ನಾಚಿಕೆಗೂ ಅತ್ತೆ.

ಆಪರೇಷನ್ ನಡೆಯುವಷ್ಟು ಹೊತ್ತೂ ಭಾವ ಕಾರಿನ ಬೀಗದ ಕೈಯನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತಿದ್ದರು. ಟೀ ತಂದುಕೊಟ್ಟೆ, ಮುಟ್ಟಲಿಲ್ಲ.

"ನಿನಗೆ ಗೊತ್ತಿತ್ತಾ?" ಎಂದರು ಒಮ್ಮೆ.

"ಇಲ್ಲ ಭಾವ."

"ನಾನು ಒಬ್ಬನೇ ಇರೋದು ಹೇಗೆ ಅಂತ ಅವಳು ತಯಾರಿ ಮಾಡ್ತಿದ್ದಳು. ನಾನು ದೀಪ ತಾನಾಗೇ ಎದ್ದಿತು ಅಂತ ಬೀದಿಗೆಲ್ಲ ಡಂಗುರ ಹೊಡೀತಿದ್ದೆ." ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಅಂದರು, "ನನಗೆ ಅವಳ ಮೇಲೆ ಸಿಟ್ಟಿದೆ. ಹೊರಗೆ ಬರಲಿ, ಹೇಳ್ತೀನಿ."

ಅಕ್ಕ ಹೊರಗೆ ಬಂದಳು. ಹೊಸ ಕಿಡ್ನಿ ಹೇಳಿದ ಮಾತು ಕೇಳುತ್ತಿದೆ ಎಂದರು ಡಾಕ್ಟರು. ಗಾಜಿನಾಚೆ ಮಲಗಿದ್ದವಳನ್ನು ನೋಡಿ ಭಾವನ ಸಿಟ್ಟು ಎಲ್ಲಿ ಹೋಯಿತೋ, ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು.

ಅಕ್ಕ ಮನೆಗೆ ಬರುವ ಮುಂಚೆ ಭಾವ ಗ್ಯಾರೇಜಿಗೆ ಹೋಗಿದ್ದರಂತೆ. ಇದನ್ನು ಹೇಳಿದ್ದು ಆ ತಾತನೇ. ಮುಳ್ಳು ಸರಿಯಿರಲಿ, ದೀಪ ಸರಿಯಿರಲಿ, ಆದರೆ ಬಾಗಿಲನ್ನು ಮೊದಲಿದ್ದ ಹಾಗೆ ಮಾಡಿಕೊಡು ಎಂದು ಕೇಳಿದರಂತೆ. ತಾತ ತಲೆ ಕೆರೆದುಕೊಂಡು, "ಸರಿಯಿರೋದನ್ನ ಕೆಡಿಸೋ ಕೆಲಸ ನಾನು ಕಲಿತಿಲ್ಲಪ್ಪ, ಬೇರೆ ಕಡೆ ನೋಡ್ಕೊ" ಎಂದು ಕಳಿಸಿದನಂತೆ. ಹೇಳುವಾಗ ತಾತ ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಬೇರೆ ಕಡೆ ಅವರು ಹೋಗಲಿಲ್ಲ. ಹೋಗುವ ಅಗತ್ಯವೂ ಬೀಳಲಿಲ್ಲ.

ಮೊನ್ನೆ ಸಂಜೆ ಎರಡು ಬೀದಿ ಆಚೆ ಗುಡುಗು ಕೇಳಿಸಿತು. ನಾನು ಕಿಟಕಿಗೆ ಬಂದೆ. ಕಾರು ಮನೆ ಮುಂದೆ ನಿಂತಿತು, ಇಂಜಿನ್ ಆರಿತು. ಭಾವ ಒಳಗೇ ಕೂತಿದ್ದರು. ಅಕ್ಕ ಮನೆಯಲ್ಲಿರಲಿಲ್ಲ, ದಿನಾ ಸ್ವಲ್ಪ ನಡೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ, ಬೀದಿ ಕೊನೆಯವರೆಗೆ ಹೋಗಿದ್ದಳು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಮನುಷ್ಯ ಅಲ್ಲಾಡಲಿಲ್ಲ. ನನಗೆ ತಡೆಯದೆ ಕೆಳಗಿಳಿದು ಹೋದೆ. ಬಾಗಿಲ ಹಿಡಿಗೆ ಕೈ ಹಾಕಿದೆ.

ಗಾಜೂ ಈಗ ಇಳಿಯುತ್ತದೆ, ಅಕ್ಕ ಅದನ್ನೂ ಬಿಟ್ಟಿರಲಿಲ್ಲ. ಭಾವ ಅದನ್ನು ಇಳಿಸಿದರು. "ನೀನು ಬೇಡ ಕಣಮ್ಮ" ಎಂದರು. "ಅವಳು ಬರಲಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದವಳು ಅವರು ಬೀದಿ ತಿರುವಿನ ಕಡೆ ನೋಡುತ್ತಿದ್ದ ರೀತಿ ಕಂಡು ನಾನೂ ಅತ್ತಲೇ ನೋಡಿದೆ. ತಿರುವಿನಲ್ಲಿ ಅಕ್ಕ ಕಾಣಿಸಿಕೊಂಡಳು. ನಿಧಾನವಾಗಿ, ಗೋಡೆ ಹಿಡಿಯದೆ, ಕೈ ಬೀಸಿಕೊಂಡು ಬರುತ್ತಿದ್ದಳು. ಕಾರು ನೋಡಿದ್ದೇ ಹೆಜ್ಜೆ ಸ್ವಲ್ಪ ಬಿರುಸಾಯಿತು.

ಭಾವ ಗಾಜು ಏರಿಸಿಕೊಂಡು ನೆಟ್ಟಗೆ ಕೂತರು. ನಾನು ಬಾಗಿಲಿನಿಂದ ಕೈ ತೆಗೆದು ಪಕ್ಕಕ್ಕೆ ಸರಿದೆ.